ಎರಡು ಕೊಟೇಶನ್ ಕೈಯಲ್ಲಿವೆ: ಮೋನೋ ಪರ್ಕ್ ಹಾಕಿಸಲಾ, ಟಾಪ್‌ಕಾನ್ ಹಾಕಿಸಲಾ?

ಮೂರನೇಮಹಡಿ

ಎಲ್ಲರಿಗೂ ನಮಸ್ಕಾರ. ತಾರಸಿಗೆ ಸೋಲಾರ್ ಹಾಕಿಸುತ್ತೇನೆ ಅಂತ ಒಂದು ವರ್ಷದಿಂದ ಹೇಳುತ್ತಲೇ ಇದ್ದೇನೆ, ಈಗ ಆ ಮಾತು ಎತ್ತಿದರೆ ಮನೆಯಲ್ಲಿ ನಗುತ್ತಾರೆ, ಹಾಗಾಗಿ ಈ ಸಲ ಮುಗಿಸಿಬಿಡೋಣ ಅಂತಿದ್ದೇನೆ. ತಿಂಗಳಿಗೆ ಸುಮಾರು 400 ಯೂನಿಟ್ ಓಡುತ್ತದೆ. ಸಮತಟ್ಟು ತಾರಸಿ. ಒಂದು ಮೂಲೆಯಲ್ಲಿ ನೀರಿನ ಟ್ಯಾಂಕ್, ಮಧ್ಯೆ ಮೆಟ್ಟಿಲ ಕೋಣೆ, ಅದರ ಪಕ್ಕ ಯಾರೂ ನೋಡದ ಒಂದು ಹಳೇ ಡಿಶ್.

ಮೊದಲ ಕೊಟೇಶನ್: 545 ವ್ಯಾಟಿನ ಮೋನೋ ಪರ್ಕ್ ಪ್ಯಾನೆಲ್ 8. ಎರಡನೆಯದು: 440 ವ್ಯಾಟಿನ ಟಾಪ್‌ಕಾನ್ 10. ಪರ್ಕ್, ಟಾಪ್‌ಕಾನ್ ಎರಡೂ ಸಿಲಿಕಾನ್ ಸೆಲ್ಲಿನ ಬೇರೆ ಬೇರೆ ಜಾತಿಗಳಂತೆ. ಇಬ್ಬರೂ 'ಟಿಯರ್ 1' ಅಂತ ದೊಡ್ಡಕ್ಷರದಲ್ಲಿ ಬರೆದಿದ್ದಾರೆ. ಎರಡನೆಯವರು 'ಕಿಲೋವ್ಯಾಟಿಗೆ ದಿನಕ್ಕೆ 5 ಯೂನಿಟ್ ಗ್ಯಾರಂಟಿ' ಅಂತಲೂ ಬರೆದುಕೊಟ್ಟಿದ್ದಾರೆ. ಯಾವುದು ತಗೊಳ್ಳಲಿ? ಒಂದೇ ಮಾತಲ್ಲಿ ಹೇಳಿದರೂ ಸಾಕು.

ಮಾಳಿಗೆಮೇಲೆ

ಒಂದೇ ಮಾತಲ್ಲಿ: ತಾರಸಿ ಹತ್ತಿ.

ಸರಿ, ಇನ್ನೂ ನಾಲ್ಕು ಮಾತು ಸೇರಿಸುತ್ತೇನೆ. ಒಂದು ಸೀಮೆಸುಣ್ಣ ತಗೊಂಡು ಬಿಸಿಲಿರೋ ದಿನ ಬೆಳಿಗ್ಗೆ 9ಕ್ಕೆ, ಮಧ್ಯಾಹ್ನ 12ಕ್ಕೆ, 3ಕ್ಕೆ ಮೇಲೆ ಹೋಗಿ. ಟ್ಯಾಂಕ್, ಮೆಟ್ಟಿಲ ಕೋಣೆ, ಡಿಶ್, ಪಕ್ಕದ ಕಟ್ಟಡ, ಎಲ್ಲದರ ನೆರಳಿನ ಅಂಚಿಗೆ ಗೆರೆ ಎಳೆದು ಪಕ್ಕದಲ್ಲಿ ಗಂಟೆ ಬರೆಯಿರಿ. ಈ ಕೆಲಸ ಚಳಿಗಾಲದಲ್ಲಿ ಮಾಡಿದರೆ ಇನ್ನೂ ಒಳ್ಳೇದು, ಯಾಕೆಂದರೆ ಸೂರ್ಯ ತಗ್ಗಿನಲ್ಲಿ ಓಡುವ ಆ ದಿನಗಳಲ್ಲೇ ನೆರಳು ಅತಿ ಉದ್ದ. ಉತ್ತರಾರ್ಧ ಗೋಳದವರಿಗೆ ಡಿಸೆಂಬರ್ 21ರ ಆಸುಪಾಸು, ದಕ್ಷಿಣದವರಿಗೆ ಜೂನ್ 21. ಅಲ್ಲಿಯವರೆಗೆ ಕಾಯೋಕೆ ಆಗದಿದ್ದರೆ ಫೋನಿನಲ್ಲಿ ಸೂರ್ಯನ ದಾರಿ ತೋರಿಸುವ ಆ್ಯಪ್‌ಗಳಿವೆ, ಕ್ಯಾಮೆರಾ ಹಿಡಿದರೆ ಆ ದಿನ ಸೂರ್ಯ ಎಲ್ಲಿ ಇರುತ್ತಾನೆ ಅಂತ ಗೆರೆ ಬರುತ್ತದೆ.

ಗೆರೆಗಳ ಫೋಟೋ ಹಾಕಿ. ಆಮೇಲೆ ಪ್ಯಾನೆಲ್ ಮಾತಾಡೋಣ. ನಿಮಗೆ ಕೊಟೇಶನ್ ಕೊಟ್ಟ ಇಬ್ಬರಲ್ಲಿ ಯಾರಾದರೂ ತಾರಸಿ ಹತ್ತಿ ನೋಡಿದ್ದಾರಾ?

ಮೂರನೇಮಹಡಿ

ಇಲ್ಲ ಸ್ವಾಮಿ. ಒಬ್ಬರು ಉಪಗ್ರಹದ ಚಿತ್ರ ನೋಡಿದರು, ಇನ್ನೊಬ್ಬರು ಬಿಲ್ ಮಾತ್ರ ಕೇಳಿದರು.

ಅನುಮಾನಪಕ್ಷಿ

ಟ್ಯಾಂಕಿನ ನೆರಳು ಒಂದು ಮೂಲೆಗೆ ಬಿದ್ದರೆ ಏನಾಗಿಬಿಡುತ್ತದೆ? ಆ ಮೂಲೆಯಷ್ಟು ಕರೆಂಟ್ ಕಡಿಮೆ ಬರುತ್ತದೆ, ಅಷ್ಟೇ ಅಲ್ವಾ? ಸುಮ್ನೆ ಹೆದರಿಸಬೇಡಿ.

ಮಾಳಿಗೆಮೇಲೆ

ಅಷ್ಟೇ ಆಗಿದ್ದರೆ ನಾನು ಸೀಮೆಸುಣ್ಣದ ಮಾತು ಎತ್ತುತ್ತಲೇ ಇರಲಿಲ್ಲ. ಪ್ಯಾನೆಲಿನ ಒಳಗೆ ಸೆಲ್‌ಗಳು ಸಾಲಾಗಿ, ಒಂದರ ಹಿಂದೆ ಒಂದು ಜೋಡಿಸಿರುತ್ತವೆ. ಒಂದೇ ಪೈಪಿನಲ್ಲಿ ನೀರು ಹರಿದ ಹಾಗೆ. ಎಲ್ಲಾದರೂ ಒಂದು ಕಡೆ ಹಿಸುಕಿದರೆ ಪೂರ್ತಿ ಹರಿವು ಅಲ್ಲಿಗೇ ನಿಲ್ಲುತ್ತದೆ. ನೆರಳು ಬಿದ್ದ ಸೆಲ್ ಕರೆಂಟ್ ಕೊಡೋದನ್ನು ಬಿಟ್ಟು, ಉಳಿದವು ತಳ್ಳಿದ ಕರೆಂಟನ್ನು ನುಂಗಿ ಬಿಸಿಯಾಗುತ್ತದೆ. ಅದು ಸುಡದಿರಲಿ ಅಂತ ಪ್ಯಾನೆಲಿನ ಹಿಂದಿನ ಜಂಕ್ಷನ್ ಬಾಕ್ಸಿನಲ್ಲಿ ಸಾಮಾನ್ಯವಾಗಿ 3 ಬೈಪಾಸ್ ಡಯೋಡ್ ಇಟ್ಟಿರುತ್ತಾರೆ. ನೆರಳು ಬಂದರೆ ಡಯೋಡ್ ತೆರೆದುಕೊಂಡು ಆ ಮೂರನೇ ಒಂದು ಭಾಗವನ್ನೇ ಪಕ್ಕಕ್ಕೆ ತಳ್ಳುತ್ತದೆ. ಅಂದರೆ ಅಂಗೈ ಅಗಲದ ನೆರಳಿಗೆ ಪ್ಯಾನೆಲಿನ ಮೂರನೇ ಒಂದು ಪಾಲು ಹೋಯಿತು.

ಈಗಿನ ಹಾಫ್ ಕಟ್ (ಸೆಲ್ಲನ್ನೇ ಎರಡು ತುಂಡು ಮಾಡಿದ) ಪ್ಯಾನೆಲುಗಳಲ್ಲಿ ಮೇಲಿನ ಅರ್ಧ, ಕೆಳಗಿನ ಅರ್ಧ ಬೇರೆ ಬೇರೆ ದಾರಿ. ಹಾಗಾಗಿ ಪ್ಯಾನೆಲ್ ಉದ್ದಕ್ಕೆ ನಿಂತಿದ್ದಾಗ ಬೆಳಿಗ್ಗೆ ಪ್ಯಾರಾಪೆಟ್ ನೆರಳು ಕೆಳಗಿನ ಅಂಚಿಗೆ ಬಿದ್ದರೂ ಮೇಲರ್ಧ ಕೆಲಸ ಮಾಡುತ್ತಿರುತ್ತದೆ. ಹಳೇ ಪೂರ್ಣ ಸೆಲ್ ಪ್ಯಾನೆಲ್ ಆಗಿದ್ದರೆ ಅದೇ ನೆರಳಿಗೆ ಮೂರೂ ಭಾಗ ಮಲಗಿಬಿಡುತ್ತಿದ್ದವು.

ಲೆಕ್ಕದಪುಸ್ತಕ

ಪರ್ಕ್ ವರ್ಸಸ್ ಟಾಪ್‌ಕಾನ್ ಜಗಳಕ್ಕೆ ಒಂದು ಲೆಕ್ಕ. ಪ್ಯಾನೆಲ್ ಮೇಲೆ ಬರೆದ ವ್ಯಾಟು ಲ್ಯಾಬಿನದು. ಸೆಲ್ಲಿನ ಬಿಸಿ 25 ಡಿಗ್ರಿ, ಬೆಳಕು ಚದರ ಮೀಟರಿಗೆ 1000 ವ್ಯಾಟ್. ಬಿಸಿಲಲ್ಲಿ ನಿಂತ ಪ್ಯಾನೆಲ್ 25 ಡಿಗ್ರಿ ಇರೋದು ಯಾವಾಗ ಹೇಳಿ? ಮಧ್ಯಾಹ್ನ 65 ಡಿಗ್ರಿ ಮುಟ್ಟೋದು ಸಾಮಾನ್ಯ. ಪರ್ಕ್ ಪ್ಯಾನೆಲ್ ಪ್ರತಿ ಡಿಗ್ರಿಗೆ ಸುಮಾರು 0.35 ಪರ್ಸೆಂಟ್ ಕಳೆದುಕೊಳ್ಳುತ್ತದೆ, ಟಾಪ್‌ಕಾನ್ 0.30. 40 ಡಿಗ್ರಿ ಏರಿಕೆಗೆ ಪರ್ಕ್‌ನಲ್ಲಿ 14 ಪರ್ಸೆಂಟ್ ಹೋಗುತ್ತದೆ, ಟಾಪ್‌ಕಾನ್‌ನಲ್ಲಿ 12. ಹೆಟೆರೋಜಂಕ್ಷನ್ ಅನ್ನೋ ಇನ್ನೊಂದು ಜಾತಿ ಇದೆ, ಅದರಲ್ಲಿ 10ರ ಹತ್ತಿರ.

ಅಂದರೆ ನೀವು ಒಂದು ವರ್ಷ ತಲೆ ಕೆಡಿಸಿಕೊಂಡಿದ್ದು ಅತಿ ಬಿಸಿ ಹೊತ್ತಿನ 2 ಪರ್ಸೆಂಟಿಗೆ. ಟ್ಯಾಂಕಿನ ನೆರಳು ಒಂದೇ ಸಲಕ್ಕೆ ಅದಕ್ಕಿಂತ ಜಾಸ್ತಿ ತಿನ್ನುತ್ತದೆ.

ಜಾಗದ ಲೆಕ್ಕವೂ ನೋಡಿ. 545ರ ಪ್ಯಾನೆಲ್ ಹೆಚ್ಚಾಗಿ 2278 ಮಿಲಿಮೀಟರ್ ಉದ್ದ, 1134 ಅಗಲ ಇರುತ್ತದೆ. 8 ಪ್ಯಾನೆಲಿಗೆ 20.7 ಚದರ ಮೀಟರ್. 440ರದು ಸುಮಾರು 1722 ಉದ್ದ, ಅದೇ ಅಗಲ. 10ಕ್ಕೆ 19.5. ಜಾಗವೂ ಹೆಚ್ಚು ಕಡಿಮೆ ಅಷ್ಟೇ. ಆದರೆ ಚಿಕ್ಕದು ಟ್ಯಾಂಕು, ಡಿಶ್ಶು ತಪ್ಪಿಸಿ ಕೂರಿಸಲು ಸಲೀಸು, ಮತ್ತೆ 28 ಕೆಜಿಯ ಎರಡೂಕಾಲು ಮೀಟರ್ ಗಾಜಿನ ಹಲಗೆಯನ್ನು ತಿರುವು ಮೆಟ್ಟಿಲಲ್ಲಿ ಮೂರು ಮಹಡಿ ಹೊರುವವರ ಪಾಡೂ ಯೋಚಿಸಿ. ಹೊರುವಾಗ ಬಾಗಿದರೆ ಸೆಲ್‌ನಲ್ಲಿ ಕಣ್ಣಿಗೆ ಕಾಣದ ಬಿರುಕು ಬೀಳುತ್ತದೆ.

ಇನ್ನು ಆ 'ಕಿಲೋವ್ಯಾಟಿಗೆ 5 ಯೂನಿಟ್'. ತಂತಿ, ಇನ್ವರ್ಟರ್ (ಪ್ಯಾನೆಲಿನ ಡಿಸಿ ಕರೆಂಟನ್ನು ಮನೆಯ ಎಸಿ ಮಾಡುವ ಪೆಟ್ಟಿಗೆ), ಬಿಸಿ, ಧೂಳು ಎಲ್ಲ ಕಳೆದು ವ್ಯವಸ್ಥೆಯ ಕೈಗೆ ಸಿಗೋದು 75ರಿಂದ 85 ಪರ್ಸೆಂಟ್. 78 ಅಂತ ಹಿಡಿದರೆ, 5 ಯೂನಿಟ್ ಬರಲು ದಿನಕ್ಕೆ 6.4 ಗಂಟೆ ಪೂರ್ಣ ಬಿಸಿಲಿಗೆ ಸಮನಾದ ಬೆಳಕು ಬೇಕು. ವರ್ಷದ ಸರಾಸರಿಯಲ್ಲಿ ಅಷ್ಟು ಸಿಗೋದು ಮರುಭೂಮಿಗಳಂಥ ಜಾಗದಲ್ಲಿ. ನಿಮ್ಮ ಜಾಗದ ಅಂಕಿ ಬೇಕಾದರೆ ಯುರೋಪಿಯನ್ ಕಮಿಷನ್ನಿನ ಪಿವಿಜಿಐಎಸ್ ಅಥವಾ ವಿಶ್ವಬ್ಯಾಂಕಿನ ಗ್ಲೋಬಲ್ ಸೋಲಾರ್ ಅಟ್ಲಾಸ್ ತೆರೆಯಿರಿ, ಎರಡೂ ಉಚಿತ. ನಕ್ಷೆಯಲ್ಲಿ ಮನೆ ಮೇಲೆ ಒತ್ತಿದರೆ ತಿಂಗಳವಾರು ಲೆಕ್ಕ ಬರುತ್ತದೆ.

ತಂತಿಜೋಡಿ

ಟಿಯರ್ 1 ಬಗ್ಗೆ ಯಾರೂ ಹೇಳಲಿಲ್ಲವಲ್ಲ. ಅದು ಬ್ಲೂಮ್‌ಬರ್ಗ್‌ಎನ್‌ಇಎಫ್ ಸಂಸ್ಥೆಯ ಪಟ್ಟಿ. ಆ ತಯಾರಕರ ಪ್ಯಾನೆಲ್ ಬಳಸುವ ದೊಡ್ಡ ಯೋಜನೆಗಳಿಗೆ ಬ್ಯಾಂಕು ಸಾಲ ಕೊಡುತ್ತದಾ ಅನ್ನೋದರ ಅಳತೆ ಅದು. ಪ್ಯಾನೆಲಿನ ಗುಣಮಟ್ಟದ ಸರ್ಟಿಫಿಕೇಟ್ ಅಲ್ಲ, ಹಾಗಂತ ಪಟ್ಟಿ ಮಾಡುವವರೇ ಹೇಳುತ್ತಾರೆ. ಕೇಳಬೇಕಾದ್ದು ಬೇರೆ: ಪೂರ್ತಿ ಮಾಡೆಲ್ ನಂಬರ್, ಬಾಳಿಕೆಯ ಐಇಸಿ 61215 ಮತ್ತು ಸುರಕ್ಷತೆಯ 61730 ಸರ್ಟಿಫಿಕೇಟ್, ಸಮುದ್ರ ಹತ್ತಿರವಿದ್ದರೆ ಉಪ್ಪುಗಾಳಿಯ 61701, ಮತ್ತೆ ಪ್ರತಿ ಪ್ಯಾನೆಲಿನ ಸೀರಿಯಲ್ ನಂಬರಿನ ಜೊತೆ ಫ್ಲ್ಯಾಶ್ ಟೆಸ್ಟ್ (ಕಾರ್ಖಾನೆಯಲ್ಲಿ ಬೆಳಕು ಬಿಟ್ಟು ವ್ಯಾಟ್ ಅಳೆದ) ವರದಿ. ಪ್ಯಾನೆಲ್ ಬಂದ ದಿನ ನೀವೇ ನಿಂತು ಸೀರಿಯಲ್ ನಂಬರ್ ತಾಳೆ ನೋಡಿ. ಬೇಸರದ ಕೆಲಸ. ಹತ್ತು ನಿಮಿಷ ಆಗುತ್ತದೆ.

ವಾರಂಟಿಯಲ್ಲೂ ಎರಡು ಜಾತಿ. '25 ವರ್ಷ' ಅಂತ ದೊಡ್ಡದಾಗಿ ಬರೆಯೋದು ಉತ್ಪಾದನೆಯ ವಾರಂಟಿ, ಅಂದರೆ ವರ್ಷಕ್ಕೆ ಸುಮಾರು ಅರ್ಧ ಪರ್ಸೆಂಟಿಗಿಂತ ಜಾಸ್ತಿ ಇಳಿಯೋದಿಲ್ಲ ಅನ್ನೋ ಭರವಸೆ. ಗಾಜಿನೊಳಗೆ ನೀರು ಹೋದರೆ, ಹಿಂದಿನ ಹಾಳೆ ಸೀಳಿದರೆ ಕೆಲಸಕ್ಕೆ ಬರೋದು ಪ್ರಾಡಕ್ಟ್ ವಾರಂಟಿ, ಅದು 12 ವರ್ಷ ಇರಬಹುದು, 15 ಇರಬಹುದು, 25 ಇರಬಹುದು. ಬಿಚ್ಚಿ ಇಳಿಸಿ ಮತ್ತೆ ಹತ್ತಿಸುವ ಖರ್ಚು ಯಾರದು ಅಂತಲೂ ಓದಿ. ಬಹಳ ಸಲ ಅದು ನಿಮ್ಮದೇ.

ಮೂರನೇಮಹಡಿ

ಸೀಮೆಸುಣ್ಣ ತಗೊಂಡು ಮೂರು ಸಲ ಹತ್ತಿ ಇಳಿದೆ. ಟ್ಯಾಂಕಿನ ನೆರಳು ಬೆಳಿಗ್ಗೆ 10ರವರೆಗೆ ಒಂದು ಪ್ಯಾನೆಲಿನಷ್ಟು ಜಾಗಕ್ಕೆ ಬೀಳುತ್ತದೆ, ಆಮೇಲೆ ಹೋಗುತ್ತದೆ. ನಿಜವಾದ ಕಳ್ಳ ಬೇರೆ. ಆ ಹಳೇ ಡಿಶ್! ನೋಡೋಕೆ ಪುಟ್ಟದು. ಆದರೆ ಅದರ ನೆರಳು 11ರಿಂದ 3ರವರೆಗೆ, ಎರಡೂ ಕೊಟೇಶನ್‌ಗಳ ನಕ್ಷೆಯಲ್ಲಿ ಮಧ್ಯದ ಸಾಲಿನ ಮೇಲೇ ನಡೆದುಕೊಂಡು ಹೋಗುತ್ತದೆ. ಒಂದೊಂದು ಪ್ಯಾನೆಲಿಗೂ ಸರದಿ ಪ್ರಕಾರ ಮುಟ್ಟಿಕೊಂಡು. ಡಿಶ್ ಕಿತ್ತು ಹಾಕಿದೆ. ನಾಲ್ಕು ಬೋಲ್ಟು.

ಒಂದು ಪ್ರಶ್ನೆ: ಕರೆಂಟ್ ಹೋದಾಗ ಸೋಲಾರ್ ಮನೆ ನಡೆಸುತ್ತದೆ ಅಲ್ವಾ?

ಹಳೆಬ್ಯಾಟರಿ

ಇಲ್ಲ. ಎಷ್ಟೋ ಜನ ಹಾಕಿಸಿಕೊಂಡ ಮೇಲೆ ಇದನ್ನು ತಿಳಿದು ಬೈದುಕೊಳ್ಳುತ್ತಾರೆ. ಸಾದಾ ಗ್ರಿಡ್ ಇನ್ವರ್ಟರ್, ಗ್ರಿಡ್ (ಕಂಬದಿಂದ ಬರುವ ಕರೆಂಟ್) ಹೋದ ಕೂಡಲೇ ತಾನೂ ಆಫ್ ಆಗುತ್ತದೆ. ಆಗಲೇಬೇಕು. ಇಲ್ಲದಿದ್ದರೆ ಕಂಬದ ಮೇಲೆ ರಿಪೇರಿ ಮಾಡುತ್ತಿರುವವರಿಗೆ ನಿಮ್ಮ ತಾರಸಿಯಿಂದ ಕರೆಂಟ್ ಹೋಗುತ್ತದೆ. ಮೇಲೆ ಸುಡು ಬಿಸಿಲು, ಕೆಳಗೆ ಕತ್ತಲೆ ಮನೆ!

ಬ್ಯಾಕಪ್ ಬೇಕಾದರೆ ಹೈಬ್ರಿಡ್ ಇನ್ವರ್ಟರ್ (ಗ್ರಿಡ್ ಜೊತೆ ಬ್ಯಾಟರಿಯನ್ನೂ ನಡೆಸುವಂಥದ್ದು) ಮತ್ತು ಬ್ಯಾಟರಿ ಬೇಕು, ಜೊತೆಗೆ ಬ್ಯಾಕಪ್ ಸಾಲಿಗೆ ಬೇರೆ ವೈರಿಂಗ್. ಮೊದಲು ಏನೇನು ಓಡಬೇಕು ಅಂತ ಬರೆದುಕೊಳ್ಳಿ. ಫ್ರಿಜ್, ದೀಪ, ಫ್ಯಾನು, ವೈಫೈ ಸೇರಿ ಸರಾಸರಿ 300 ವ್ಯಾಟ್ ಆದರೆ 8 ಗಂಟೆಗೆ 2.4 ಯೂನಿಟ್. 5 ಯೂನಿಟ್ಟಿನ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯಲ್ಲಿ 90 ಪರ್ಸೆಂಟ್ ಬಳಸಬಹುದು, ಅಂದರೆ 4.5. ಸಾಕೋ ಸಾಕು. ಲೆಡ್ ಆಸಿಡ್ ಆದರೆ ಅರ್ಧಕ್ಕಿಂತ ಕೆಳಗೆ ಇಳಿಸಿದಷ್ಟೂ ಅದರ ಆಯಸ್ಸು ತಿನ್ನುತ್ತೀರಿ. ನನ್ನ ಹೆಸರು ಸುಮ್ನೆ ಬಂದಿದ್ದಲ್ಲ, ಎರಡು ಸೆಟ್ ಲೆಡ್ ಆಸಿಡ್ ಹೂತಿದ್ದೇನೆ.

ಯೂನಿಟ್ ಬೇರೆ, ಒಂದೇ ಸಲಕ್ಕೆ ಎಳೆಯಬಹುದಾದ ಕಿಲೋವ್ಯಾಟ್ ಬೇರೆ. ನೀರಿನ ಪಂಪು ಶುರುವಾಗುವ ಕ್ಷಣ ಮಾಮೂಲಿಗಿಂತ ಹಲವು ಪಟ್ಟು ಎಳೆಯುತ್ತದೆ. ಬ್ಯಾಟರಿ ತುಂಬಿದ್ದರೂ ಇನ್ವರ್ಟರ್ ಕೈ ಎತ್ತುತ್ತದೆ. ಪಂಪನ್ನು ಬ್ಯಾಕಪ್ ಸಾಲಿನಿಂದ ಹೊರಗಿಡಿ.

ಅನುಮಾನಪಕ್ಷಿ

ಇಷ್ಟೆಲ್ಲ ನೆರಳಿನ ತಾಪತ್ರಯ ಯಾಕೆ? ಪ್ರತಿ ಪ್ಯಾನೆಲಿಗೂ ಒಂದೊಂದು ಮೈಕ್ರೋ ಇನ್ವರ್ಟರ್ ಹಾಕಿಸಿ, ಕಥೆ ಮುಗಿಯಿತು.

ತಂತಿಜೋಡಿ

ಚಾವಣಿ ನಾಲ್ಕು ದಿಕ್ಕಿಗೆ ಒಡೆದಿದ್ದರೆ, ಮರದ ನೆರಳು ದಿನವಿಡೀ ಅಲೆಯುತ್ತಿದ್ದರೆ, ನಿಮ್ಮ ಮಾತು ಸರಿ. ಇವರ ತಾರಸಿಗೆ ಬೇಡ. ಡಿಶ್ ಹೋಯಿತು, ಟ್ಯಾಂಕಿನ ನೆರಳು 10ಕ್ಕೆ ಮುಗಿಯುತ್ತದೆ. ಸ್ಟ್ರಿಂಗ್ ಅಂದರೆ ಒಂದರ ಹಿಂದೆ ಒಂದು ಜೋಡಿಸಿದ ಪ್ಯಾನೆಲ್ ಸಾಲು. 2 ಎಂಪಿಪಿಟಿ (ಒಂದೊಂದು ಸಾಲನ್ನೂ ಬೇರೆಯಾಗಿ ನಡೆಸುವ ಭಾಗ) ಇರುವ ಸ್ಟ್ರಿಂಗ್ ಇನ್ವರ್ಟರಿನಲ್ಲಿ ಟ್ಯಾಂಕ್ ಪಕ್ಕದ 5 ಒಂದು ಸ್ಟ್ರಿಂಗ್, ಆಚೆಯ 5 ಇನ್ನೊಂದು. ಬೆಳಿಗ್ಗೆ ಒಂದು ಸ್ಟ್ರಿಂಗ್ ಸ್ವಲ್ಪ ಮಲಗಿದರೂ ಇನ್ನೊಂದು ತನ್ನ ಪಾಡಿಗೆ ಓಡುತ್ತದೆ. ಮೈಕ್ರೋ ಹಾಕಿದರೆ 10 ಇನ್ವರ್ಟರುಗಳು ಸುಡೋ ಪ್ಯಾನೆಲ್ ಕೆಳಗೆ ಕೂರುತ್ತವೆ. ಒಂದು ಕೆಟ್ಟರೆ ಪ್ಯಾನೆಲ್ ಎತ್ತಿಯೇ ತೆಗೆಯಬೇಕು.

ಸ್ಟ್ರಿಂಗ್ ಮಾಡುವವರು ಚಳಿಯ ಲೆಕ್ಕ ಮಾಡಿದ್ದಾರಾ ಕೇಳಿ. ಬಿಸಿಗೆ ವೋಲ್ಟೇಜ್ ಇಳಿದ ಹಾಗೆ ಚಳಿಗೆ ಏರುತ್ತದೆ. ನಾನೇ ಕಂಡ ಒಂದು ಕೆಲಸ: ಇನ್ವರ್ಟರಿನ ಮಿತಿ 600 ವೋಲ್ಟ್. ಪ್ಯಾನೆಲಿನ ಓಪನ್ ಸರ್ಕ್ಯೂಟ್ (ಏನೂ ಎಳೆಯದಿದ್ದಾಗಿನ) ವೋಲ್ಟೇಜ್ 49.5. ಹನ್ನೆರಡಲೆ 594, 'ಒಳಗೇ ಇದೆಯಲ್ಲ' ಅಂತ ಜೋಡಿಸಿದ್ದರು. 5 ಡಿಗ್ರಿ ಚಳಿಯ ಬೆಳಿಗ್ಗೆ, ಡಿಗ್ರಿಗೆ 0.27 ಪರ್ಸೆಂಟ್‌ನಂತೆ 20 ಡಿಗ್ರಿಗೆ 5.4 ಏರಿದರೆ 626 ವೋಲ್ಟ್. ಇನ್ವರ್ಟರ್ ಹೋಯಿತು. ಮಿತಿ ಮೀರಿದ ವೋಲ್ಟೇಜಿನ ದಾಖಲೆ ಅದರ ಹೊಟ್ಟೆಯಲ್ಲೇ ಇತ್ತು, ವಾರಂಟಿಯೂ ಹೋಯಿತು.

ಶೆಡ್ಡಿನಯಂತ್ರ

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನಂದು ಮನೆ ಅಲ್ಲ, ಯಂತ್ರಗಳ ಶೆಡ್ಡು. ತ್ರೀ ಫೇಸ್, ಹಗಲು ಸುಮಾರು 50 ಕಿಲೋವ್ಯಾಟ್ ಓಡುತ್ತದೆ, ವಾರಕ್ಕೊಂದು ದಿನ ಬೀಗ. ತಗಡಿನ ಚಾವಣಿ. ಒಂದು ಡೀಸೆಲ್ ಜನರೇಟರೂ ಇದೆ. 40 ಕಿಲೋವ್ಯಾಟ್ ಹಾಕಿ ಅನ್ನುತ್ತಿದ್ದಾರೆ. ಮನೆಯ ಲೆಕ್ಕವೇ ನನಗೂ ಆಗುತ್ತದಾ?

ಮಾಳಿಗೆಮೇಲೆ

ತಗಡಿಗೆ ಎಷ್ಟು ವರ್ಷ ಆಯಿತು? ಪ್ಯಾನೆಲ್ 25 ವರ್ಷ ಕೂರುವ ಗಿರಾಕಿ. ತಗಡು ಇನ್ನು 8 ವರ್ಷಕ್ಕೆ ತೂತು ಬೀಳುವಂತಿದ್ದರೆ ಆಗ 40 ಕಿಲೋವ್ಯಾಟ್ ಬಿಚ್ಚಿ, ತಗಡು ಬದಲಿಸಿ, ಮತ್ತೆ ಕಟ್ಟಬೇಕು. ಮೊದಲು ತಗಡು ಮಾಡಿಸಿ. ಆಮೇಲೆ ಕಟ್ಟಡದ ಎಂಜಿನಿಯರ್ ಒಬ್ಬರಿಗೆ ಪರ್ಲಿನ್ (ತಗಡು ಹೊತ್ತ ಅಡ್ಡ ಉಕ್ಕಿನ ಪಟ್ಟಿ) ತೋರಿಸಿ. ಪ್ಯಾನೆಲ್, ರೈಲು ಸೇರಿ ಚದರ ಮೀಟರಿಗೆ 12ರಿಂದ 15 ಕೆಜಿ ಬೀಳುತ್ತದೆ. ಅದು ದೊಡ್ಡದಲ್ಲ, ಆದರೆ ಗಾಳಿ ಎತ್ತುವ ಬಲ ದೊಡ್ಡದು, ಅದರಲ್ಲೂ ಚಾವಣಿಯ ಅಂಚು, ಮೂಲೆಗಳಲ್ಲಿ. ಕ್ಲಾಂಪು ಬರೀ ತಗಡನ್ನು ಹಿಡಿದರೆ ಸಾಲದು, ಕೆಳಗಿನ ಪರ್ಲಿನ್ ಹಿಡಿಯಬೇಕು. ಮತ್ತೆ ಪ್ಯಾನೆಲುಗಳ ನಡುವೆ ನಡೆಯಲು ದಾರಿ ಬಿಡಿಸಿ. ದಾರಿ ಇಲ್ಲದಿದ್ದರೆ ತೊಳೆಯಲು ಬಂದವರು ಗಾಜಿನ ಮೇಲೇ ನಡೆಯುತ್ತಾರೆ.

ಲೆಕ್ಕದಪುಸ್ತಕ

@ಶೆಡ್ಡಿನಯಂತ್ರ ನಿಮಗೆ ಯಾರೂ ಹೇಳದ ಒಂದು ಬಲೆ ಇದೆ, ಪವರ್ ಫ್ಯಾಕ್ಟರ್. ಮೋಟರುಗಳಿಗೆ ಕಿಲೋವ್ಯಾಟ್ ಜೊತೆ ಕೆವಿಎಆರ್ (ಕೆಲಸ ಮಾಡದೆ ಹೋಗಿ ಬರುವ, ಮೋಟರಿನ ಅಯಸ್ಕಾಂತಕ್ಕೆ ಬೇಕಾದ ಪವರ್) ಕೂಡ ಬೇಕು. ಎಳೆದ ಒಟ್ಟಿನಲ್ಲಿ ಕೆಲಸಕ್ಕೆ ಬಂದ ಪಾಲೇ ಪವರ್ ಫ್ಯಾಕ್ಟರ್. ಈಗ ನೀವು ಗ್ರಿಡ್‌ನಿಂದ 50 ಕಿಲೋವ್ಯಾಟ್, 24 ಕೆವಿಎಆರ್ ಎಳೆಯುತ್ತಿದ್ದೀರಿ ಅಂದುಕೊಳ್ಳಿ. ಪವರ್ ಫ್ಯಾಕ್ಟರ್ 0.90. ಸೋಲಾರ್ 30 ಕಿಲೋವ್ಯಾಟ್ ಕೊಟ್ಟಿತು. ಗ್ರಿಡ್‌ನಿಂದ ಬರೋದು 20 ಕಿಲೋವ್ಯಾಟ್, ಆದರೆ ಕೆವಿಎಆರ್ ಮಾತ್ರ ಅದೇ 24. ಈಗ ಮೀಟರಿಗೆ ಕಾಣುವ ಪವರ್ ಫ್ಯಾಕ್ಟರ್ 0.64! ನಿಮ್ಮ ಯಂತ್ರ ಬದಲಾಗಿಲ್ಲ, ಏನೂ ಕೆಟ್ಟಿಲ್ಲ. ಪವರ್ ಫ್ಯಾಕ್ಟರಿಗೆ ದಂಡ ಇರುವ ಕಡೆ ಯೂನಿಟ್ಟಿನಲ್ಲಿ ಉಳಿಸಿದ್ದರಲ್ಲಿ ಒಂದಿಷ್ಟು ಅಲ್ಲಿ ಸೋರುತ್ತದೆ. ಪರಿಹಾರ ಇದೆ. ಇನ್ವರ್ಟರಿಗೇ ಕೆವಿಎಆರ್ ಕೊಡೋಕೆ ಹೇಳಬಹುದು, ಈಗಿನ ಹೆಚ್ಚಿನ ತ್ರೀ ಫೇಸ್ ಇನ್ವರ್ಟರುಗಳು ಕೊಡುತ್ತವೆ. ಅಥವಾ ಕೆಪಾಸಿಟರ್ ಪ್ಯಾನೆಲಿನ ಸೆಟ್ಟಿಂಗ್ ಬದಲಿಸಬೇಕು. ಒಪ್ಪಂದಕ್ಕೆ ಸಹಿ ಹಾಕುವ ಮೊದಲೇ ಈ ಕೆಲಸ ಯಾರದು ಅಂತ ಬರೆಸಿ.

40 ಬೇಕೋ 25 ಸಾಕೋ ಅನ್ನೋದು ಅರ್ಧ ಗಂಟೆಗೊಮ್ಮೆ ಎಷ್ಟು ಎಳೆಯುತ್ತೀರಿ ಅನ್ನೋದರ ಮೇಲಿದೆ. ಮೀಟರಿನ ದಾಖಲೆ ತೆಗೆಸಿ. ಊಟದ ಹೊತ್ತಿಗೆ ಯಂತ್ರ ನಿಂತರೆ ಲೋಡು 10ಕ್ಕೆ ಇಳಿಯುತ್ತದೆ, ಸೋಲಾರ್ ಆಗಲೇ ತುತ್ತತುದಿಯಲ್ಲಿರುತ್ತದೆ. ರಜೆ ದಿನ ಬಂದದ್ದೆಲ್ಲ ಹೊರಗೆ, ಗ್ರಿಡ್ಡಿಗೆ. ಹೊರಗೆ ಕಳಿಸಿದ್ದಕ್ಕೆ ಒಳ್ಳೆ ದರ ಸಿಗದಿದ್ದರೆ ದೊಡ್ಡದು ಹಾಕಿದಷ್ಟೂ ಲಾಭ ತೆಳ್ಳಗಾಗುತ್ತದೆ. ಅರ್ಧ ಪೂರ್ವಕ್ಕೆ, ಅರ್ಧ ಪಶ್ಚಿಮಕ್ಕೆ ಹಾಕಿದರೆ ಒಟ್ಟು ಯೂನಿಟ್ ಸ್ವಲ್ಪ ಕಡಿಮೆ ಬರುತ್ತದೆ, ಆದರೆ ಬೆಳಿಗ್ಗೆ, ಸಂಜೆಗೆ ಹರಡುತ್ತದೆ. ನಿಮ್ಮಂಥವರಿಗೆ ಅದೇ ಮೇಲು.

ಹಳೆಬ್ಯಾಟರಿ

ಜನರೇಟರ್ ಓಡುವಾಗ ಸೋಲಾರ್ ಜಾಸ್ತಿ ಕೊಟ್ಟರೆ ಕರೆಂಟ್ ಜನರೇಟರಿಗೇ ವಾಪಸ್ ನುಗ್ಗುತ್ತದೆ. ಅದು ಅದನ್ನು ಹಾಳು ಮಾಡುತ್ತದೆ. ತೀರಾ ಕಡಿಮೆ ಲೋಡಿನಲ್ಲಿ ಓಡಿಸುವುದೂ ಡೀಸೆಲ್ ಎಂಜಿನ್ನಿಗೆ ಒಗ್ಗದು, ಸಾಮಾನ್ಯವಾಗಿ 30 ಪರ್ಸೆಂಟಿಗಿಂತ ಮೇಲಿಡಿ ಅನ್ನುತ್ತಾರೆ. ನಡುವೆ ಒಂದು ಕಂಟ್ರೋಲರ್ ಬೇಕೇ ಬೇಕು. 'ಆಮೇಲೆ ನೋಡೋಣ' ಅಂದರೆ ಒಪ್ಪಬೇಡಿ.

ಶೆಡ್ಡಿನಯಂತ್ರ

ತಗಡಿಗೆ 17 ವರ್ಷ. ಅರ್ಥವಾಯಿತು, ಮೊದಲು ತಗಡು.

ಮೂರನೇಮಹಡಿ

ನನ್ನ ಕಡೆಯ ಸುದ್ದಿ. 440ರ ಟಾಪ್‌ಕಾನ್ 10, 5 ಕಿಲೋವ್ಯಾಟಿನ ಹೈಬ್ರಿಡ್ ಇನ್ವರ್ಟರ್, 5 ಯೂನಿಟ್ ಬ್ಯಾಟರಿ, ಇಷ್ಟಕ್ಕೆ ಒಪ್ಪಿದೆ. ಮೂರನೆಯವರೊಬ್ಬರನ್ನು ಕರೆಸಿದ್ದೆ. ಅವರು ಬಂದವರೇ ತಾರಸಿ ಹತ್ತಿ, ನನ್ನ ಸೀಮೆಸುಣ್ಣದ ಗೆರೆ ನೋಡಿ ನಕ್ಕು, ಆ ಗೆರೆಗಳ ಆಚೆಗೇ ನಕ್ಷೆ ಹಾಕಿದರು. ಅಲ್ಲಿಗೆ ಕೆಲಸ ಅವರಿಗೇ ಅಂತ ನಿರ್ಧಾರ ಆಯಿತು.

ಸ್ಟ್ಯಾಂಡ್ ನಿಲ್ಲಿಸಲು ತಾರಸಿಗೆ ಕೊರೆಯಬೇಕು ಅನ್ನುತ್ತಿದ್ದಾರೆ. ನೀರು ಸೋರುವ ಭಯ ಇದೆ.

ಮಾಳಿಗೆಮೇಲೆ

ಕೊರೆಯದೆ ಕಾಂಕ್ರೀಟ್ ದಿಮ್ಮಿಗಳ ಮೇಲೆ ನಿಲ್ಲಿಸಬಹುದು. ಆದರೆ ಮೂರನೇ ಮಹಡಿಯ ಗಾಳಿಗೆ ಎಷ್ಟು ತೂಕ ಬೇಕು ಅಂತ ಲೆಕ್ಕ ಹಾಕಿ ಕೊಡಲಿ, ಕಣ್ಣಂದಾಜು ಬೇಡ. ಕೊರೆದರೆ ತೂತಿನಲ್ಲಿ ಕೆಮಿಕಲ್ ಆ್ಯಂಕರ್, ಸುತ್ತ ಕಾಂಕ್ರೀಟ್ ಪೀಠ, ಪೀಠದ ಮೇಲೂ ವಾಟರ್‌ಪ್ರೂಫಿಂಗ್. ಪ್ಯಾನೆಲ್ ಕೂರಿಸುವ ಮೊದಲೇ ಒಂದು ದಿನ ತಾರಸಿಯಲ್ಲಿ ನೀರು ಕಟ್ಟಿ ನೋಡಿ.

ಸ್ಟ್ಯಾಂಡ್ ಹಾಟ್ ಡಿಪ್ ಗ್ಯಾಲ್ವನೈಸ್ (ಕರಗಿದ ಸತುವಿನಲ್ಲಿ ಅದ್ದಿ ತೆಗೆದದ್ದು) ಆಗಿರಲಿ. ಸೈಟಿಗೆ ತಂದು ಕತ್ತರಿಸಿ, ವೆಲ್ಡ್ ಮಾಡಿ, ಮೇಲೆ ಬೆಳ್ಳಿ ಬಣ್ಣ ಬಳಿದರೆ ಅದು ಹಾಟ್ ಡಿಪ್ ಅಲ್ಲ. ಎರಡು ಮಳೆಗಾಲ ಕಳೆದರೆ ವೆಲ್ಡ್ ಜಾಗದಿಂದ ತುಕ್ಕಿನ ನೀರು ಗೋಡೆ ಮೇಲೆ ಇಳಿಯುತ್ತದೆ.

ತಂತಿಜೋಡಿ

ತಂತಿ ಕೆಲಸದ ದಿನ ನೀವು ಮನೆಯಲ್ಲೇ ಇರಿ. ಪ್ಯಾನೆಲ್ ತಂತಿಗೆ ಬರುವ ಎಂಸಿ4 ಕನೆಕ್ಟರ್ ಯಾವ ಕಂಪನಿಯದೋ, ಅದಕ್ಕೆ ಸಿಕ್ಕಿಸುವುದೂ ಅದೇ ಕಂಪನಿಯದ್ದೇ ಆಗಿರಬೇಕು. ಬೇರೆಯದು 'ಟಕ್' ಅಂತ ಕೂರುತ್ತದೆ, ಕೈಗೆ ಸರಿಯಾಗಿದೆ ಅನ್ನಿಸುತ್ತದೆ, ಒಳಗಿನ ಲೋಹ ಮಾತ್ರ ಸರಿಯಾಗಿ ಅಪ್ಪಿರುವುದಿಲ್ಲ. ವರ್ಷ ಕಳೆದ ಹಾಗೆ ಅಲ್ಲೇ ಬಿಸಿ, ಅಲ್ಲೇ ಕರಗೋದು, ಅಲ್ಲೇ ಬೆಂಕಿ. ಡಿಸಿ ಕಿಡಿ ಎಸಿ ಥರ ಅಲ್ಲ. ಎಸಿಯಲ್ಲಿ ಕರೆಂಟ್ ಸೆಕೆಂಡಿಗೆ ಎಷ್ಟೋ ಸಲ ಸೊನ್ನೆ ಮುಟ್ಟಿ ಬರುತ್ತದೆ, ಕಿಡಿ ತಾನೇ ಆರಬಹುದು. ಡಿಸಿ ಹಿಡಿದರೆ ಬಿಡುವುದಿಲ್ಲ. ಅದಕ್ಕೇ ಡಿಸಿ ಬಾಕ್ಸಿನಲ್ಲಿ ಎಸಿ ಬ್ರೇಕರ್ ಹಾಕಬಾರದು, ಡಿಸಿಗೆಂದೇ ಮಾಡಿದ್ದು ಹಾಕಬೇಕು. ಬಾಕ್ಸ್ ತೆರೆಸಿ ಓದಿ. ಅರ್ಥಿಂಗ್ ತಂತಿ, ಸರ್ಜ್ ಪ್ರೊಟೆಕ್ಟರ್ ಎರಡೂ ಇವೆಯಾ ನೋಡಿ, ಫೋಟೋ ತೆಗೆಯಿರಿ.

ಮೂರನೇಮಹಡಿ

ಸಿಸ್ಟಮ್ ಚಾಲೂ ಆಗಿ ಮೂರು ವಾರ. ಮೊದಲ ವಾರ ದಿನಕ್ಕೆ 16, 17 ಯೂನಿಟ್ ಬಂತು. ಲೆಕ್ಕದಪುಸ್ತಕ ಹೇಳಿದ ಹಾಗೆ ಪಿವಿಜಿಐಎಸ್ ನೋಡಿದ್ದೆ, ಅಲ್ಲೂ ಸುಮಾರು ಅಷ್ಟೇ ಇತ್ತು. ಆದರೆ ಈಗ ಒಂದು ವಿಚಿತ್ರ ತೊಂದರೆ. ಮೋಡ ಇದ್ದ ದಿನ ಸರಿಯಾಗಿ ಓಡುತ್ತದೆ. ಒಳ್ಳೆ ಬಿಸಿಲಿರೋ ದಿನ, ಅದೂ ಮಧ್ಯಾಹ್ನ 11:30ರಿಂದ 2ರ ನಡುವೆ, ನಾಲ್ಕೈದು ಸಲ ಆಫ್ ಆಗಿ ಆನ್ ಆಗುತ್ತದೆ. ಆ್ಯಪಿನ ಗ್ರಾಫ್ ಇಲಿ ಕಡಿದ ರೊಟ್ಟಿ ಥರ ಇದೆ. ನಿನ್ನೆ ಬರೀ 12 ಯೂನಿಟ್. ಹಾಕಿಕೊಟ್ಟವರು ಇನ್ವರ್ಟರ್ ಬಿಸಿಯಾಗುತ್ತಿದೆ ಅನ್ನುತ್ತಾರೆ. ಮುಟ್ಟಿ ನೋಡಿದೆ, ಅಷ್ಟೇನೂ ಬಿಸಿ ಇಲ್ಲ.

ಅನುಮಾನಪಕ್ಷಿ

ನಾನು ಹೇಳಿದ್ದೆ, ಮೈಕ್ರೋ ಹಾಕಿಸಿ ಅಂತ.

ತಂತಿಜೋಡಿ

ಮೈಕ್ರೋ ಹಾಕಿದ್ದರೂ ಇದೇ ಆಗುತ್ತಿತ್ತು. @ಮೂರನೇಮಹಡಿ ಮಧ್ಯಾಹ್ನ ಇನ್ವರ್ಟರ್ ಪರದೆಯಲ್ಲಿ ಎಸಿ ವೋಲ್ಟೇಜ್ ಎಷ್ಟಿದೆ? ಅದೇ ಹೊತ್ತಿಗೆ ಕೆಳಗೆ ಮೀಟರ್ ಹತ್ತಿರ ಎಲೆಕ್ಟ್ರಿಷಿಯನ್ ಕೈಲಿ ಅಳೆಸಿ. ಇನ್ವರ್ಟರಿನಿಂದ ಮೀಟರಿಗೆ ತಂತಿ ಎಷ್ಟು ಉದ್ದ, ಎಷ್ಟು ದಪ್ಪ?

ಮೂರನೇಮಹಡಿ

ಇಬ್ಬರೂ ಫೋನ್ ಹಿಡಿದು, ಒಬ್ಬರು ಮೇಲೆ, ಒಬ್ಬರು ಕೆಳಗೆ ನಿಂತು ಓದಿದೆವು. ಕೆಳಗೆ ಮೀಟರಿನಲ್ಲಿ 247. ಮೇಲೆ ಪರದೆಯಲ್ಲಿ 251, 252, ಆಮೇಲೆ 253 ಆಗಿದ್ದೇ ತಡ, ಟಪ್. ಕೆಂಪು ದೀಪ. ತಂತಿ ತಾಮ್ರದ್ದು, 4 ಚದರ ಮಿಲಿಮೀಟರ್, ಉದ್ದ 38 ಮೀಟರ್.

ತಂತಿಜೋಡಿ

ಸಿಕ್ಕಿತು. ಗ್ರಿಡ್ಡಿಗೆ ಕರೆಂಟ್ ತಳ್ಳಬೇಕಾದರೆ ಇನ್ವರ್ಟರ್ ತನ್ನ ವೋಲ್ಟೇಜನ್ನು ಗ್ರಿಡ್‌ಗಿಂತ ಸ್ವಲ್ಪ ಏರಿಸಲೇಬೇಕು. ತಂತಿ ತೆಳ್ಳಗಿದ್ದಷ್ಟೂ ಜಾಸ್ತಿ ಏರಿಸಬೇಕು. 4 ಚದರ ಮಿಲಿಮೀಟರ್, ಹೋಗಿ ಬರೋದು ಸೇರಿ 76 ಮೀಟರ್, ತಂತಿ ಕಾದಾಗ ಸುಮಾರು 0.38 ಓಮ್. ಮಧ್ಯಾಹ್ನ 16 ಆಂಪಿಯರ್ ಹರಿದರೆ 6 ವೋಲ್ಟ್. 247ಕ್ಕೆ 6 ಸೇರಿದರೆ 253. ಅದು 230ರ ಮೇಲೆ 10 ಪರ್ಸೆಂಟ್, ನಿಮ್ಮ ಇನ್ವರ್ಟರಿನ ಮಿತಿ ಅಲ್ಲೇ ಇದೆ. ಮೋಡದ ದಿನ ಕರೆಂಟ್ ಕಡಿಮೆ, ಏರಿಕೆ ಕಡಿಮೆ, ಹಾಗಾಗಿ ಟ್ರಿಪ್ ಇಲ್ಲ. ಯಂತ್ರದಲ್ಲಿ ಏನೂ ದೋಷವಿಲ್ಲ.

10 ಚದರ ಮಿಲಿಮೀಟರ್ ತಂತಿ ಎಳೆಸಿ. ಏರಿಕೆ 2.4 ವೋಲ್ಟಿಗೆ ಇಳಿಯುತ್ತದೆ, 249.4ರಲ್ಲಿ ನಿಲ್ಲುತ್ತೀರಿ.

ಅನುಮಾನಪಕ್ಷಿ

ತಂತಿ ಯಾಕೆ ಬದಲಿಸಬೇಕು? ಇನ್ವರ್ಟರ್ ಸೆಟ್ಟಿಂಗಿನಲ್ಲಿ ಮಿತಿಯನ್ನು 265 ಮಾಡಿದರೆ ಆಯಿತಪ್ಪ. ಎರಡು ನಿಮಿಷದ ಕೆಲಸ.

ಹಳೆಬ್ಯಾಟರಿ

ಆ ವೋಲ್ಟೇಜನ್ನು ಮನೆಯ ಫ್ರಿಜ್ಜೂ ಕುಡಿಯುತ್ತದೆ, ಪಕ್ಕದವರ ಟಿವಿಯೂ ಕುಡಿಯುತ್ತದೆ. ಮಿತಿ ಇಟ್ಟಿರೋದು ಅದಕ್ಕೇ. ಮತ್ತೆ ಗ್ರಿಡ್ ನಿಯಮದ ಸೆಟ್ಟಿಂಗ್ ನಮ್ಮಿಷ್ಟಕ್ಕೆ ತಿರುಗಿಸುವಂಥದ್ದಲ್ಲ. ಮೀಟರ್ ಹತ್ತಿರವೇ 247 ಇದೆ ಅಂದರೆ ಅದೂ ಜಾಸ್ತಿಯೇ. ವಿದ್ಯುತ್ ಕಂಪನಿಗೆ ಬರೆದು ಟ್ರಾನ್ಸ್‌ಫಾರ್ಮರಿನ ಟ್ಯಾಪ್ (ವೋಲ್ಟೇಜ್ ಏರಿಳಿಸುವ ಸೆಟ್ಟಿಂಗ್) ನೋಡಲು ಹೇಳಿ. ಜೊತೆಗೆ ಮಧ್ಯಾಹ್ನವೇ ವಾಷಿಂಗ್ ಮೆಷೀನು, ಪಂಪು, ಗೀಸರು ಹಾಕಿ. ಮನೆಯಲ್ಲೇ ಖರ್ಚಾದಷ್ಟೂ ಹೊರಗೆ ತಳ್ಳುವುದು ಕಡಿಮೆ.

ಮೂರನೇಮಹಡಿ

ತಂತಿ ಬದಲಾಯಿತು. ಕೊಟೇಶನ್ನಿನಲ್ಲಿ 'ಸೂಕ್ತ ಗಾತ್ರದ ಕೇಬಲ್' ಅಂತ ಮಾತ್ರ ಇತ್ತು, ಗಾತ್ರ ಬರೆದಿರಲಿಲ್ಲ, ಹಾಗಾಗಿ ಖರ್ಚು ಯಾರದು ಅಂತ ಒಂದು ವಾರ ಜಗ್ಗಾಟ. ಕೊನೆಗೆ ಅರ್ಧ ಅರ್ಧ. ಈಗ ಎಂಟು ದಿನ ಆಯಿತು, ಒಂದು ಸಲವೂ ಟ್ರಿಪ್ ಇಲ್ಲ. ನಿನ್ನೆ 18.1 ಯೂನಿಟ್. ಗ್ರಾಫ್ ಗುಡ್ಡದ ಹಾಗೆ ನುಣ್ಣಗೆ ಬಂದಿದೆ.

ಹೊಸ ತಲೆನೋವು: ಪಾರಿವಾಳ. ಡಿಶ್ ಮೇಲೆ ಕೂರುತ್ತಿದ್ದವು ಈಗ ಪ್ಯಾನೆಲಿನ ಮೇಲಂಚಿನಲ್ಲಿ ಸಾಲಾಗಿ ಕೂರುತ್ತವೆ. ಕೂತ ಮೇಲೆ ಸುಮ್ನೆ ಇರುತ್ತವಾ?

ಮಾಳಿಗೆಮೇಲೆ

ಹಿಕ್ಕೆ ಒಣಗಲು ಬಿಡಬೇಡಿ, ಅದೂ ನೆರಳೇ. ಮಳೆಗೂ ಸುಲಭಕ್ಕೆ ಹೋಗೋದಿಲ್ಲ. ಬೆಳಿಗ್ಗೆ ಗಾಜು ತಣ್ಣಗಿರುವಾಗ ತೊಳೆಯಿರಿ. ಮಧ್ಯಾಹ್ನ ಕಾದ ಗಾಜಿಗೆ ತಣ್ಣೀರು ಹೊಡೆದರೆ ಸೀಳಬಹುದು. ಮೆತ್ತನೆ ಬ್ರಷ್, ಬರೀ ನೀರು, ಸೋಪಿನ ಪುಡಿ ಬೇಡ, ಪ್ರೆಷರ್ ಪಂಪ್ ಬೇಡ. ನೀರು ಗಡುಸಾಗಿದ್ದರೆ ಒಣಗಿದ ಮೇಲೆ ಬಿಳಿ ಕಲೆ ಉಳಿಯುತ್ತದೆ, ರಬ್ಬರ್ ವೈಪರ್ ಎಳೆದುಬಿಡಿ. ಪ್ಯಾನೆಲ್ ಕೆಳಗೆ ಗೂಡು ಕಟ್ಟದ ಹಾಗೆ ಸುತ್ತ ಜಾಲರಿ ಹಾಕಿಸಿ. ತಂತಿಗಳು ಅಲ್ಲೇ ಇರೋದು.

ಶೆಡ್ಡಿನಯಂತ್ರ

ತಗಡು ಬದಲಿಸುವವರು ಇವತ್ತು ಬಂದು ಅಳತೆ ತಗೊಂಡು ಹೋದರು. ಸೋಲಾರಿನ ಕೊಟೇಶನ್ನಿಗೆ ಕೇಬಲ್ ಗಾತ್ರ, ಪವರ್ ಫ್ಯಾಕ್ಟರ್, ಜನರೇಟರ್ ಕಂಟ್ರೋಲರ್ ಮೂರನ್ನೂ ಸೇರಿಸಿ ವಾಪಸ್ ಕಳಿಸಿದ್ದೇನೆ. ಇನ್ನೂ ಉತ್ತರ ಬಂದಿಲ್ಲ.

ಮೂರನೇಮಹಡಿ

@ಮಾಳಿಗೆಮೇಲೆ ಬ್ರಷ್ ತಂದಿದ್ದೇನೆ. ನಾಳೆ ಬೆಳಿಗ್ಗೆ 6ಕ್ಕೆ ಹತ್ತುತ್ತೇನೆ.